ದುಡಿಮೆ ಚೀಟಿ

ಫೆಬ್ರವರಿ 3, ಸೋಮವಾರ

ಆಟ ಇವತ್ತು ಶುರುವಾಯಿತು. ಎಂಟನೇ ಕ್ಲಾಸಿನ ಮೂವತ್ತೊಂದು ಮಕ್ಕಳು, ರೂಮಿನ ನಡುವೆ ನೆಲಕ್ಕೆ ಅಂಟಿಸಿದ ನೀಲಿ ಟೇಪು. ಕಿಟಕಿ ಕಡೆ ಉತ್ತರ, ಬಾಗಿಲ ಕಡೆ ದಕ್ಷಿಣ. ಕಾಲ, ಅಮೆರಿಕದ ಅಂತರ್ಯುದ್ಧಕ್ಕೆ ಹತ್ತು ವರ್ಷ ಮುಂಚೆ. ಉತ್ತರದವರಿಗೆ ಗಿರಣಿ, ಹಡಗು, ಬ್ಯಾಂಕು. ದಕ್ಷಿಣದವರಿಗೆ ಹೊಲ. ಹತ್ತಿ ಅಂತ ಔಷಧಿ ಅಂಗಡಿಯ ಕಾಟನ್ ಬಾಲುಗಳು.

ನಿಯಮ ಸರಳ. ಉತ್ತರದವರು ಕೆಲಸಗಾರರಿಗೆ ಕೂಲಿ ಕೊಟ್ಟು ಬಟ್ಟೆ ಮಾಡಬೇಕು. ದಕ್ಷಿಣದವರಿಗೆ ದಿನಾ ಬೆಳಿಗ್ಗೆ ನನ್ನ ಡ್ರಾಯರಿನಿಂದ ಹತ್ತು ದುಡಿಮೆ ಚೀಟಿ ಸಿಗುತ್ತವೆ, ಒಂದು ಚೀಟಿಗೆ ಒಂದು ಹಿಡಿ ಹತ್ತಿ. ಯಾರಿಂದಲೂ ಗುಲಾಮರ ಪಾತ್ರ ಮಾಡಿಸಕೂಡದು ಅಂತ ಪ್ರಿನ್ಸಿಪಾಲ್ ಓರ್ಟೇಗಾ ಮೊದಲೇ ಹೇಳಿದ್ದಾರೆ. ಅದಕ್ಕೇ ಈ ಚೀಟಿ. ಗುಲಾಮಗಿರಿಯ ಪಾಠ ಮಾರ್ಚ್‌ನಲ್ಲಿ ಬೇರೆಯಾಗಿಯೇ ಇದೆ. ಇದು ಬರೀ ಅರ್ಥವ್ಯವಸ್ಥೆ.

ಕುಶಲ್ ಕೈ ಎತ್ತಿದ. "ನಾವು ಕೂಲಿ ಕೊಡ್ಬೇಕು, ಅವರಿಗೆ ಮಾತ್ರ ಫ್ರೀಯಾಗಿ ಸಿಗುತ್ತಾ?"

"ಆಟದ ನಿಯಮ" ಅಂದೆ.

ಪಕ್ಕದ ರೂಮಿನ ಡೆಲ್ಗಾಡೋ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ಐದು ನಿಮಿಷ ನಿಂತರು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಇತಿಹಾಸ ಕಲಿಸುತ್ತಿರುವ ಮನುಷ್ಯ. "ಇಂಟರೆಸ್ಟಿಂಗ್" ಅಂದು ಹೋದರು. ಹದಿನೆಂಟು ವರ್ಷ ಈ ದೇಶದಲ್ಲಿದ್ದೇನೆ, ಆ ಪದಕ್ಕೆ ಇಲ್ಲಿ ಹಿಡಿಸಲಿಲ್ಲ ಅಂತ ಅರ್ಥ, ನನಗೆ ಗೊತ್ತು. ನನ್ನದು ಮೊದಲ ವರ್ಷ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಮಾರ್ಚ್ ಹದಿನೈದರೊಳಗೆ ಹೇಳಬೇಕು. ಈ ಸಮಯದಲ್ಲಿ ಬಾಗಿಲಲ್ಲಿ ಬಂದು ನಿಲ್ಲುವವರು ಸುಮ್ಮನೆ ನಿಲ್ಲುವುದಿಲ್ಲ.

ಫೆಬ್ರವರಿ 5, ಬುಧವಾರ

ಆಟದಲ್ಲಿ ಆಮದು ಸುಂಕ ಜಾರಿ ಮಾಡಿದೆ. ಇಂಗ್ಲೆಂಡಿನ ಬಟ್ಟೆ ದುಬಾರಿಯಾಯಿತು. ಉತ್ತರದವರು ಕೇಕೆ ಹಾಕಿದರು, ದಕ್ಷಿಣದವರು ಮೇಜು ಗುದ್ದಿದರು. "ನಮ್ಮ ಹತ್ತಿ ಇಲ್ದೆ ನಿಮ್ಮ ಗಿರಣಿ ಏನು ತಿರುಗುತ್ತೆ? ನಾವು ಬೇರೆ ಟೇಬಲ್ ಹಾಕ್ಕೊಳ್ತೀವಿ!" ಪಾಠದಲ್ಲಿ ಮೂರು ಪುಟ ಇರುವುದನ್ನು ಮಕ್ಕಳು ಎರಡೇ ದಿನದಲ್ಲಿ ಕಲಿತರು. ಇಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ.

ದಕ್ಷಿಣದ ಗುಂಪಿನಲ್ಲಿ ಒಬ್ಬಳು ಮಾತ್ರ ಆಡುವುದಿಲ್ಲ. ಕೈಕಟ್ಟಿ ಕೂತು ನನ್ನ ಡ್ರಾಯರನ್ನೇ ನೋಡುತ್ತಾಳೆ.

ಫೆಬ್ರವರಿ 6, ಗುರುವಾರ

ಚೀಟಿಗಳು ಇಲ್ಲ. ಅರವತ್ತು ಪ್ರಿಂಟ್ ಮಾಡಿದ್ದೆ, ಮೂರು ದಿನಕ್ಕೆ ಮೂವತ್ತು ಹಂಚಿ ಸಂಜೆ ವಾಪಸ್ ಇಟ್ಟಿದ್ದೆ. ಇವತ್ತು ಡ್ರಾಯರ್ ತೆಗೆದರೆ ರಬ್ಬರ್‌ಬ್ಯಾಂಡ್ ಒಂದೇ.

ಹೊಸದು ಪ್ರಿಂಟ್ ಮಾಡಬಹುದಿತ್ತು. ಮಾಡಲಿಲ್ಲ. ಯಾರು ಅಂತ ಗೊತ್ತಾಗಬೇಕು.

ದಕ್ಷಿಣದಲ್ಲಿ ಹತ್ತಿ ನಿಂತಿತು. ಇಪ್ಪತ್ತು ನಿಮಿಷದಲ್ಲಿ ಉತ್ತರದ ಗಿರಣಿಯೂ ನಿಂತಿತು. ಮಕ್ಕಳು ನನ್ನ ಮುಖ ನೋಡಿದರು, ನಾನು ಒಬ್ಬೊಬ್ಬರ ಮುಖ ನೋಡಿದೆ.

ಫೆಬ್ರವರಿ 7, ಶುಕ್ರವಾರ

ಸ್ಕೂಲಿನ ಪಾರ್ಕಿಂಗಿನಲ್ಲೇ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲು ಆಗುವುದಿಲ್ಲ, ಅತ್ತೆ ಇದ್ದಾರೆ.

ಕುಶಲ್ ಇರಬಹುದೆ? ಗೆಲ್ಲಲೇಬೇಕು ಅನ್ನುವ ಹುಡುಗ. ಇಂಡಿಯನ್ ಗ್ರೋಸರಿಯಲ್ಲಿ ಅವನ ಅಮ್ಮ ಭಾವನಾ ಸಿಕ್ಕಿದಳು. "ಏನ್ರೀ ಮಾಧುರಿ, ನಿಮ್ಮ ಕ್ಲಾಸಿಂದೇ ಮಾತು ಮನೇಲಿ, ದಿನಾ!" ಅಂತ ನಕ್ಕಳು. ಏನು ಮಾತು ಅಂತ ಹೇಳಲಿಲ್ಲ. ಕೊತ್ತಂಬರಿ ಆರಿಸುವ ನೆಪದಲ್ಲಿ ತಿರುಗಿಕೊಂಡಳು.

ಅಥವಾ ಡೆಲ್ಗಾಡೋ? ಅವರ ಹತ್ತಿರ ಎಲ್ಲ ರೂಮಿನ ಕೀ ಇದೆ.

ನನಗೆ ಇದೇನು ಹೊಸದಲ್ಲ. ರೆಡ್‌ವುಡ್ ಸಿಟಿಯಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗು ಮಾಡಿದೆ. ಕೆಲಸದಿಂದ ತೆಗೆಯುವವರ ಲಿಸ್ಟಿನಲ್ಲಿ ನನ್ನ ಹೆಸರಿದೆ ಅಂತ ಮೂರು ವಾರ ಮುಂಚೆಯೇ ಗೊತ್ತಿದ್ದ ಗೆಳತಿ ದಿನಾ ನನ್ನ ಜೊತೆ ಊಟ ಮಾಡಿದಳು, ನನ್ನ ಡಬ್ಬಿಯ ಶೇಂಗಾ ಚಟ್ನಿ ಹಾಕಿಕೊಂಡಳು. ಅವತ್ತಿನಿಂದ ಮುಖ ಓದುವುದನ್ನು ಕಲಿತೆ.

ಫೆಬ್ರವರಿ 11, ಮಂಗಳವಾರ

ಮನೆಯಲ್ಲಿಟ್ಟಿದ್ದ ಕಾಟನ್ ಬಾಲಿನ ಪ್ಯಾಕೆಟ್ಟುಗಳೂ ಕಡಿಮೆಯಾಗುತ್ತಿವೆ. ಎಂಟು ಇದ್ದವು, ಐದಾಗಿವೆ. ಗಂಡ ಶಿವಶರಣನನ್ನು ಕೇಳಿದರೆ, "ಕಾಟನ್ ಯಾರ್ ಕದೀತಾರ, ಮಾಧುರಿ? ನಿಂಗ ರೆಸ್ಟ್ ಬೇಕಾಗೇತಿ" ಅಂದು ಮೀಟಿಂಗಿಗೆ ಹೋದ.

ಬೆಳಿಗ್ಗೆ ಏಳಕ್ಕೆ ಅತ್ತೆ ಊರಿಗೆ ಫೋನ್ ಮಾಡಿದ್ದರು, ಅವರ ತಂಗಿಗೆ ಇರಬೇಕು. ನಾನು ಬಾಗಿಲ ಈಚೆ ನಿಂತೆ. "ಹತ್ತಿ ನೋಡಿದ ಕೂಡಲೇ ಎದಿ ಝಲ್ ಅಂತು... ಇಲ್ಲ, ಆಕಿಗೆ ಗೊತ್ತಾಗಬಾರ್ದು. ಶಿವುಗ ಮಾತ್ ಕೊಟ್ಟೇನಿ."

ನನಗೆ ಏನು ಗೊತ್ತಾಗಬಾರದು? ತಾಯಿ ಮಗ ಸೇರಿ ಏನು ಮುಚ್ಚಿಟ್ಟಿದ್ದಾರೆ?

ಫೆಬ್ರವರಿ 12, ಬುಧವಾರ

ಬ್ಯಾಗು ನೋಡಿದೆ. ಎಲ್ಲರದೂ.

"ಯಾರೂ ತಪ್ಪು ಮಾಡಿಲ್ಲ ಅಂದ್ರೆ ಯಾರಿಗೂ ಭಯ ಬೇಡ" ಅಂದೆ. ಒಬ್ಬೊಬ್ಬರಾಗಿ ಮೇಜಿನ ಮೇಲೆ ಸುರಿದರು. ಪೆನ್ಸಿಲು, ಚಿಪ್ಸು, ಒದ್ದೆ ಸಾಕ್ಸು. ಉತ್ತರದ ಇಬ್ಬರು ಹುಡುಗರು ತೆಗೆಯಲ್ಲ ಅಂದರು. ಅವರು ಅಂಥವರಲ್ಲ, ಬಿಟ್ಟೆ. ಆಮೇಲೆ ಆ ಹುಡುಗಿ, ನಯೋಮಿ ವಿಟ್‌ಫೀಲ್ಡ್, ಡ್ರಾಯರ್ ನೋಡುತ್ತ ಕೂರುವವಳು. ಬ್ಯಾಗನ್ನು ಎದೆಗೆ ಅವುಚಿಕೊಂಡಳು.

"ಇದು ನನ್ನದು."

"ಎಲ್ಲರೂ ತೋರಿಸಿದ್ದಾರೆ, ನಯೋಮಿ."

"ಎಲ್ಲರೂ ಇಲ್ಲ."

ಗೋಡೆಯ ಹತ್ತಿರ ನಿಲ್ಲು ಅಂದೆ. ನಿಂತಳು. ಬೆಲ್ ಹೊಡೆದ ಮೇಲೂ ಹತ್ತು ನಿಮಿಷ ನಿಲ್ಲಿಸಿದೆ. ಬ್ಯಾಗು ಬಿಡಲಿಲ್ಲ. ಅವಳೇ ಅಂತ ನನಗೆ ಖಾತ್ರಿ. ಕಿಟಕಿಯ ಗಾಜಿನಾಚೆ ಡೆಲ್ಗಾಡೋ ನಡೆದು ಹೋದರು, ನೋಡಿಯೂ ನೋಡದ ಹಾಗೆ.

ಫೆಬ್ರವರಿ 13, ಗುರುವಾರ

ಅವಳ ಅಪ್ಪನ ಈಮೇಲು. ಮೂರೇ ಸಾಲು. ನಿಮ್ಮನ್ನು ಭೇಟಿಯಾಗಬೇಕು, ಪ್ರಿನ್ಸಿಪಾಲರೂ ಇರಲಿ, ನಯೋಮಿಯೂ ಬರುತ್ತಾಳೆ. ಸಿಟ್ಟಿನ ಒಂದು ಪದವೂ ಇಲ್ಲ. ಸಿಟ್ಟಿಲ್ಲದ ಈಮೇಲಿಗೇ ಹೆದರಬೇಕು. ಯಾರೋ ಹೇಳಿಕೊಟ್ಟು ಬರೆಸಿದ್ದಾರೆ. ಡೆಲ್ಗಾಡೋ ಅಲ್ಲದೆ ಇನ್ಯಾರು?

ಓರ್ಟೇಗಾ ಆಫೀಸಿಗೆ ಕರೆದರು. "ಮಕ್ಕಳ ಬ್ಯಾಗು ಚೆಕ್ ಮಾಡಿದ್ರಾ?"

"ಇಲ್ಲ, ಅವರೇ ತೆಗೆದು ತೋರಿಸಿದರು. ಇಷ್ಟವಿದ್ದವರು ಮಾತ್ರ."

"ನಯೋಮಿಯನ್ನು ನಿಲ್ಲಿಸಿಕೊಂಡಿದ್ದು?"

"ಅವಳ ಜೊತೆ ಮಾತಾಡೋಕೆ."

ಬರೆದು ಕೊಡಿ ಅಂದರು, ಬರೆದು ಕೊಟ್ಟೆ. ಸುಳ್ಳಲ್ಲ ಅದು. ಹೇಳುವ ರೀತಿ, ಅಷ್ಟೇ.

ಫೆಬ್ರವರಿ 17, ಸೋಮವಾರ, ರಜೆ

ಕಾಟನ್ ಕಳ್ಳರು ಸಿಕ್ಕಿದರು. ಮಧ್ಯಾಹ್ನ ಅತ್ತೆಯ ರೂಮಿಗೆ ಬಟ್ಟೆ ಇಡಲು ಹೋದರೆ ಮಂಚದ ಮೇಲೆ ಹಳೇ ಬಿಸ್ಕೀಟಿನ ಡಬ್ಬ, ತುಂಬ ದೀಪದ ಬತ್ತಿಗಳು. ಇನ್ನೂರು ಮುನ್ನೂರು ಇರಬೇಕು. ಕಾಟನ್ ಬಾಲುಗಳನ್ನು ಬಿಡಿಸಿ, ಎಳೆದು, ಹೊಸೆದು ಇಟ್ಟಿದ್ದಾರೆ.

"ಶಿವರಾತ್ರಿ ಬಂತಲ್ಲವಾ. ಸುಮ್ಮ ಕುಂತ ಕೈಗೆ ಏನರ ಬೇಕು" ಅಂದರು. "ಇದು ಹತ್ತಿ ಅಲ್ಲ ಬಿಡು. ವಾಸನಿನ ಇಲ್ಲ."

"ಕೇಳಿ ತಗೋಬೇಕಿತ್ತು ಅತ್ತಿ."

ಮುಖ ಸಣ್ಣದಾಯಿತು. ಡಬ್ಬ ನನ್ನ ಕಡೆ ಸರಿಸಿದರು. ನಾನು ತೆಗೆದುಕೊಳ್ಳಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಬತ್ತಿಯದೇನೋ ಗೊತ್ತಾಯಿತು. ಆದರೆ ಗೊತ್ತಾಗಬಾರದು ಅಂತ ಫೋನಿನಲ್ಲಿ ಹೇಳಿದ್ದು ಬತ್ತಿಯ ವಿಷಯವಲ್ಲ.

ಫೆಬ್ರವರಿ 20, ಗುರುವಾರ

ಇವತ್ತು ಭೇಟಿ ಆಯಿತು. ಆದದ್ದು ಆದ ಹಾಗೇ ಬರೆಯುತ್ತೇನೆ.

ನಯೋಮಿಯ ಅಪ್ಪ ವಿಟ್‌ಫೀಲ್ಡ್ ಎತ್ತರದ ಮನುಷ್ಯ. ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನು ರಿಪೇರಿ ಮಾಡುತ್ತಾರೆ, ಅರ್ಧ ದಿನ ರಜೆ ಹಾಕಿ ಹೊಳೆಯುವ ಪಟ್ಟಿಯ ಜಾಕೆಟ್ಟಿನಲ್ಲೇ ಬಂದಿದ್ದರು. ಪಕ್ಕದಲ್ಲಿ ನಯೋಮಿ. ಓರ್ಟೇಗಾ ನೋಟ್‌ಬುಕ್ ತೆರೆದು ಕೂತರು.

ಆಟದ ಬಗ್ಗೆ ನಾನು ಶುರು ಮಾಡಿದೆ. ಯಾರಿಂದಲೂ ಗುಲಾಮರ ಪಾತ್ರ ಮಾಡಿಸಿಲ್ಲ, ನಿಯಮದ ಪ್ರಕಾರವೇ ನಡೆದುಕೊಂಡಿದ್ದೇನೆ ಅಂತ.

"ಆಟ ಆಮೇಲೆ" ಅಂದರು ಅವರು. ದನಿ ಎತ್ತರಿಸಲಿಲ್ಲ. "ಮೊದಲು ಹೋದ ವಾರದ ಬುಧವಾರದ್ದು. ಮೂರು ಮಕ್ಕಳು ಬ್ಯಾಗು ತೆಗೆಯಲ್ಲ ಅಂದರು. ಗೋಡೆಗೆ ನಿಂತವಳು ಒಬ್ಬಳೇ. ಆ ರೂಮಿನಲ್ಲಿ ಕಪ್ಪು ಹುಡುಗಿ ಅಂತ ಇರುವುದೂ ಅವಳೊಬ್ಬಳೇ. ಯಾಕೆ ಅಂತ ನಿಮ್ಮಿಂದಲೇ ಕೇಳೋಕೆ ಬಂದೆ."

ಉತ್ತರ ತಯಾರಾಗಿತ್ತು. ಚೀಟಿ ತೆಗೆದವಳು ಅವಳೇ, ಅದಕ್ಕೆ. ಅದನ್ನು ಹೇಳುವ ಮುಂಚೆಯೇ ನಯೋಮಿ ಬ್ಯಾಗಿನಿಂದ ಒಂದು ಕವರು ತೆಗೆದು ಮೇಜಿನ ಮೇಲಿಟ್ಟಳು. ನನ್ನ ಚೀಟಿಗಳು. ಅರವತ್ತೂ.

"ನಾನೇ ತಗೊಂಡೆ. ಸಾರಿ" ಅಂದಳು.

ನನ್ನ ಅನುಮಾನ ನಿಜವಾಗಿತ್ತು! ಒಂದು ಕ್ಷಣ ಎದೆ ಹಗುರವಾಯಿತು, ನಾಚಿಕೆಯಾದರೂ ಬರೆಯುತ್ತೇನೆ. ಚೀಟಿಗಳನ್ನು ಓರ್ಟೇಗಾ ಕಡೆ ತಳ್ಳಲು ಹೋದಾಗ ಒಂದು ತಿರುಗಿಬಿತ್ತು. ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು. ಡೈನಾ, ಮೂವತ್ತನಾಲ್ಕು. ಇನ್ನೊಂದು ತಿರುಗಿಸಿದೆ. ಸ್ಯಾಮ್, ಅರವತ್ತು. ಇನ್ನೊಂದು. ಸೂಕಿ, ಒಂಬತ್ತು.

"ನನ್ನ ಅಜ್ಜಿ ಹತ್ರ ಒಂದು ಲಿಸ್ಟಿನ ಕಾಪಿ ಇದೆ" ಅಂದಳು. "ಹತ್ತಿ ಹೊಲದ ಯಜಮಾನ ಸತ್ತಾಗ ಅವನ ಆಸ್ತಿ ಬರೆದಿದ್ದು. ಕುದುರೆ, ಗಾಡಿ, ಆಮೇಲೆ ನಮ್ಮವರು. ಇಪ್ಪತ್ಮೂರು ಜನ. ಹೆಸರು ಮತ್ತೆ ವಯಸ್ಸು ಅಷ್ಟೇ. ಉಳಿದ ಚೀಟಿಗೆ ಹೆಸರು ಸಿಗಲಿಲ್ಲ."

ಓರ್ಟೇಗಾ ಪೆನ್ನು ಕೆಳಗಿಟ್ಟರು.

"ಅವರು ನಿಮ್ಮ ಡ್ರಾಯರಿಂದ ಬರ್ತಿದ್ರು" ಅಂದಳು. "ದಿನಾ ಬೆಳಿಗ್ಗೆ. ಯಾರೂ ಏನೂ ಕೇಳ್ತಿರಲಿಲ್ಲ."

ವಿಟ್‌ಫೀಲ್ಡ್ ಮಗಳ ಕಡೆ ತಿರುಗಿದರು. "ಕೇಳದೆ ತಗೊಂಡದ್ದು ತಪ್ಪು. ಅದನ್ನು ಅವಳು ಒಪ್ಪಿಕೊಂಡಳು." ಆಮೇಲೆ ನನ್ನ ಕಡೆ ನೋಡಿದರು, ಏನೋ ಕೇಳಲಿಕ್ಕಿದೆ ಅನ್ನುವ ಹಾಗೆ. ನಾನು ಚೀಟಿಗಳನ್ನು ಒಟ್ಟು ಮಾಡತೊಡಗಿದೆ. "ಬ್ಯಾಗು ಇಷ್ಟವಿದ್ದವರು ಮಾತ್ರ ತೋರಿಸಿದರು ಅಂತ ಮಾಧುರಿ ಬರೆದುಕೊಟ್ಟಿದ್ದಾರೆ" ಅಂದರು ಓರ್ಟೇಗಾ. ನಾನು ಅದನ್ನು ತಿದ್ದಲಿಲ್ಲ.

ನಯೋಮಿ ನನ್ನನ್ನೇ ನೋಡುತ್ತಿದ್ದಳು, ಡ್ರಾಯರ್ ನೋಡುವ ಹಾಗೆ.

ಫೆಬ್ರವರಿ 21, ಶುಕ್ರವಾರ

ಪಾರ್ಕಿಂಗಿನಲ್ಲಿ ಡೆಲ್ಗಾಡೋ ಕಾರಿನ ಕಿಟಕಿ ತಟ್ಟಿದರು. "ಆ ಬುಧವಾರ ಏನು ನೋಡಿದಿರಿ ಅಂತ ಓರ್ಟೇಗಾ ನನ್ನ ಕೇಳಿದರು. ಮಾಧುರಿಯನ್ನೇ ಕೇಳಿ ಅಂದೆ. ಇನ್ನೊಂದು ಸಲ ಕೇಳಿದರೆ ನೋಡಿದ್ದನ್ನು ಹೇಳ್ತೀನಿ. ನಿಮಗೆ ಗೊತ್ತಿರಲಿ ಅಂತ."

ಬೆದರಿಕೆಯೋ, ಉಪಕಾರವೋ? ಹಿಂದೆ ಮುಂದೆ ತಿರುವಿ ನೋಡಿದೆ, ತಿಳಿಯಲಿಲ್ಲ. ಏನೂ ಇಲ್ಲದೆಯೂ ಇರಬಹುದು.

ಫೆಬ್ರವರಿ 24, ಸೋಮವಾರ

ಆಟ ನಿಲ್ಲಿಸಿದೆ. ಟೇಪು ಕಿತ್ತೆ. ನೆಲದಲ್ಲಿ ಗೋಂದಿನ ಗೆರೆ ಉಳಿದಿದೆ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಸಂಜೆ ಅತ್ತೆ ಲಿಂಗಪೂಜೆ ಮುಗಿಸಿ, ಆ ಬತ್ತಿಗಳಲ್ಲಿ ಐದನ್ನು ತೆಗೆದು ದೀಪ ಹಚ್ಚಿದರು. ಶಿವಶರಣ ಇನ್ನೂ ಫ್ರೀವೇಯಲ್ಲಿದ್ದ. ನಾನು ಹಣ್ಣು ಹೆಚ್ಚುತ್ತಿದ್ದೆ. ಸ್ಕೂಲಿನ ಮಾತು ಯಾರಿಗೂ ಹೇಳಿರಲಿಲ್ಲ. ಯಾಕೋ ಅವರಿಗೆ ಹೇಳಿದೆ. ಆಟ, ಚೀಟಿ, ಹುಡುಗಿ ಬರೆದ ಹೆಸರು. ಗೋಡೆಗೆ ನಿಲ್ಲಿಸಿದ್ದನ್ನು ಬಿಟ್ಟು ಎಲ್ಲ.

ಅವರು ದೀಪದ ಬತ್ತಿ ಸರಿಮಾಡಿದರು. "ಹುಡುಗಿ ಶ್ಯಾಣ್ಯಾಕಿ" ಅಂದರು. "ಹತ್ತಿ ತಾನ ನಡಕೋತ ಬರ್ತೈತೇನ ಮನೀಗೆ?"

ಆಮೇಲೆ ಎರಡೂ ಕೈ ಬೆರಳು ನನ್ನ ಮುಂದೆ ಚಾಚಿದರು. ಉಗುರಿನ ಬುಡದಲ್ಲೆಲ್ಲ ಸಣ್ಣ ಬಿಳೀ ಗೆರೆಗಳು. ಹತ್ತೊಂಬತ್ತು ವರ್ಷ ಈ ಕೈಯ ರೊಟ್ಟಿ ತಿಂದಿದ್ದೇನೆ, ನೋಡಿರಲಿಲ್ಲ.

"ಹತ್ತಿ ಕಾಯಿ ಒಣಗಿದ ಮ್ಯಾಲೆ ತುದಿ ಮುಳ್ಳಾಗತಾವು. ಹತ್ತ ವರ್ಷದಾಕಿ ಇದ್ದಾಗಿಂದ ಹತ್ತಿ ಬಿಡಿಸೇನಿ, ಮಂದಿ ಹೊಲದಾಗ. ರಕ್ತ ಹತ್ತಿದ ಹತ್ತಿ ಇದ್ರ ಸಾವ್ಕಾರ ಕೂಲಿ ಮುರೀತಿದ್ದ. ಅದಕ್ಕ ಬೆಳ್ಳ ಬಾಯಾಗ ಇಟ್ಕೊಂಡು ಚೀಪಿ ಮತ್ತ ಬಿಡಸೂದು."

"ನನಗ ಯಾಕ ಹೇಳಲಿಲ್ಲ ಅತ್ತಿ?"

"ಮದುವಿ ಮುಂದ ಶಿವು ಕೈ ಮುಗದು ಕೇಳ್ಕೊಂಡ. ಬೀಗರು ಹತ್ತಿ ಬೀಜ ಬಿಡಿಸೂ ಜಿನ್ನಿನ ಮಾಲಕರು, ಕೂಲಿ ಮಾತು ತಗೀಬ್ಯಾಡವ್ವಾ ಅಂತ. ಒಕ್ಕಲುತನದ ಮನಿತನ ಅಂತ ಹೇಳಿದ್ವಿ. ಸುಳ್ಳೇನಲ್ಲ. ಒಕ್ಕಲುತನ ಮಾಡಿದ್ದು ಮಂದಿ ಹೊಲದಾಗ." ನಕ್ಕರು. "ಗದಗಿನ್ಯಾಗ ನಿಮ್ಮಜ್ಜನ ಜಿನ್ನಿನ ಮುಂದ ಹತ್ತಿ ಚಕ್ಕಡಿ ಮ್ಯಾಲೆ ಕುಂತು ನಾನೂ ಬಂದೇನಿ. ಹತ್ತಿ ಮಾರಿದ ಮ್ಯಾಲೇನ ನಮಗ ಕೂಲಿ. ನಿಮ್ಮಪ್ಪಾರು ಆಗಿನ್ನೂ ಸಣ್ಣಾವ್ರು. ಒಳಗ ಕುರ್ಚಿ ಮ್ಯಾಲೆ ಕುಂತು ಪ್ಯಾರಲಹಣ್ಣು ತಿಂತಿದ್ರು. ನಾ ಬಾಗಲದಾಗ ನಿಂತು ನೋಡ್ತಿದ್ದೆ."

ಗೊತ್ತಾಗಬಾರದು ಅಂದಿದ್ದು ಇದು. ನಾನು ಏನೇನೋ ಲೆಕ್ಕ ಹಾಕಿದ್ದೆ.

ಆಮೇಲೆ ಗೋಡೆಯ ವಿಷಯವನ್ನೂ ಹೇಳಿದೆ. ಸುಳ್ಳು ಬರೆದುಕೊಟ್ಟದ್ದನ್ನೂ. ಅತ್ತೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆ ಹುಡುಗಿ ಇನ್ನೂ ನಿನ್ನ ಸಾಲಿಗೆ ಬರ್ತಾಳೇನು?" ಅಂತ ಕೇಳಿದರು.

"ಬರ್ತಾಳ."

"ಹಂಗಾರ ಇನ್ನೂ ಹೊತ್ತು ಮೀರಿಲ್ಲ."

ಮಾರ್ಚ್ 3, ಸೋಮವಾರ

ಓರ್ಟೇಗಾ ಹತ್ತಿರ ಹೋಗಿ ಹೊಸ ಕಾಗದ ಕೊಟ್ಟೆ. ಬ್ಯಾಗು ತೆಗೆಸಿದ್ದು ನಾನು. ಮೂವರು ಒಪ್ಪಲಿಲ್ಲ, ಇಬ್ಬರನ್ನು ಬಿಟ್ಟೆ, ನಯೋಮಿಯನ್ನು ನಿಲ್ಲಿಸಿದೆ. ಇಬ್ಬರನ್ನು ಯಾಕೆ ಬಿಟ್ಟೆ ಅಂದರೆ, ಅವರು ಅಂಥವರಲ್ಲ ಅನ್ನಿಸಿತು. ಹಾಗೆ ಯಾಕೆ ಅನ್ನಿಸಿತು ಅನ್ನುವುದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇಲ್ಲ. ಮೊದಲ ಹೇಳಿಕೆ ಸುಳ್ಳು.

ಎರಡು ಸಲ ಓದಿದರು. "ಇದರಿಂದ ಏನಾಗುತ್ತೆ ಗೊತ್ತಲ್ಲ?"

"ಗೊತ್ತು."

ವಿಟ್‌ಫೀಲ್ಡ್‌ಗೂ ಒಂದು ಪ್ರತಿ ಕಳಿಸಿದೆ. ಕ್ಲಾಸಿನಲ್ಲಿ, ಎಲ್ಲರ ಎದುರಿಗೇ, ನಯೋಮಿಗೆ ಕ್ಷಮೆ ಕೇಳಿದೆ. ಅವತ್ತು ನಿಲ್ಲಿಸಿದ್ದು ಎಲ್ಲರ ಎದುರಿಗೆ ತಾನೆ. ಅವಳು ತಲೆ ಆಡಿಸಿದಳು. ನಗಲಿಲ್ಲ. ನಗಬೇಕಾದ್ದೂ ಇಲ್ಲ. ಚೀಟಿಗಳನ್ನು ಏನು ಮಾಡೋಣ ಅಂತ ಅವಳನ್ನೇ ಕೇಳಿದೆ. ಮನೆಗೆ ತಗೊಂಡು ಹೋಗ್ತೀನಿ, ಅಜ್ಜಿಗೆ ಕೊಡ್ತೀನಿ ಅಂದಳು. ಕೊಟ್ಟೆ.

ಮಾರ್ಚ್ 12, ಬುಧವಾರ

ಕಾಗದ ಬಂತು. ಮುಂದಿನ ವರ್ಷಕ್ಕೆ ಇಲ್ಲ. ಕಾರಣ ಬರೆದಿಲ್ಲ. ಜೂನ್ ತನಕ ಪಾಠ ಮಾಡಬಹುದು.

ಡೆಲ್ಗಾಡೋ ತಮ್ಮ ಹಳೇ ಪಾಠದ ಫೈಲು ತಂದು ಮೇಜಿನ ಮೇಲಿಟ್ಟರು. "ಬೇಕಾದ್ರೆ ತಗೊಳ್ಳಿ. ನನ್ನ ಮೊದಲ ವರ್ಷದ ಪಾಠ ಇದಕ್ಕಿಂತ ಕೆಟ್ಟದಾಗಿತ್ತು." ಥ್ಯಾಂಕ್ಸ್ ಹೇಳಿದೆ. ಫೈಲು ಚೆನ್ನಾಗಿದೆ.

ಶಿವಶರಣ ಕಾಗದ ಓದಿ ಮಡಿಸಿಟ್ಟ. ಆಮೇಲೆ "ಅವ್ವ ನಿಂಗ ಹೇಳಿಬಿಟ್ಲಂತ" ಅಂದ. ನೌಕರಿಗಿಂತ ಅದೇ ಅವನನ್ನು ಕೊರೆಯುತ್ತಿತ್ತು. "ನಾ ನಾಚಿಕಿ ಪಟ್ಟಿದ್ದು ಆಕಿ ಸಲುವಾಗಿ ಅಲ್ಲ, ಮಾಧುರಿ. ನಿಮ್ಮ ಮನೀ ಅಂಜಿಕಿಗೆ."

"ಗೊತ್ತೈತಿ" ಅಂದೆ.

ಮಾರ್ಚ್ 15, ಶನಿವಾರ

ನಿನ್ನೆ ಕ್ಲಾಸಿನಲ್ಲಿ ಗಿರಣಿ, ಹತ್ತಿ, ಗುಲಾಮಗಿರಿ ಮೂರನ್ನೂ ಒಂದೇ ಬೋರ್ಡಿನ ಮೇಲೆ ಬರೆದೆ. ಮಾರ್ಚ್ ತಿಂಗಳಿಗೆ ಅಂತ ಬೇರೆ ಎತ್ತಿಟ್ಟ ಪಾಠ ಬೇರೆಯದಾಗಿರಲೇ ಇಲ್ಲ. ಕುಶಲ್ ಒಪ್ಪಲಿಲ್ಲ. "ಉತ್ತರದವರು ಯಾರನ್ನೂ ಹೊಡೀಲಿಲ್ಲ. ನಾವು ಹತ್ತಿ ಕೊಂಡ್ವಿ, ಅಷ್ಟೇ." ನಯೋಮಿ ಅವನ ಕಡೆ ತಿರುಗಿದಳು. "ಯಾರಿಂದ ಕೊಂಡ್ರಿ?" ಅಂತ ಕೇಳಿದಳು. ಕುಶಲ್ ಬಾಯಿ ತೆರೆದ. ಬೆಲ್ ಹೊಡೆಯಿತು. ಇಬ್ಬರೂ ಜಗಳ ಮುಂದುವರಿಸುತ್ತಲೇ ಹೊರಗೆ ಹೋದರು. ಸೋಮವಾರ ಅಲ್ಲಿಂದಲೇ ಶುರು ಮಾಡಬೇಕು.

ಇವತ್ತು ಬೆಳಿಗ್ಗೆ ಏಳಕ್ಕೆ ಗದಗಿಗೆ ಫೋನ್ ಮಾಡಿದೆ. ಅಪ್ಪನಿಗೆ ಎಪ್ಪತ್ನಾಲ್ಕು. ಕುಶಲೋಪರಿ ಮುಗಿಸಿ ನೇರವಾಗಿ ಕೇಳಿದೆ, "ಅಪ್ಪಾ, ನಮ್ಮ ಜಿನ್ನಿಗೆ ಬರ್ತಿದ್ದ ಹತ್ತಿ ಬಿಡಸ್ತಿದ್ದವರು ಯಾರು?"

"ಏನವಾ ಇದು, ಸಂಜಿ ಹೊತ್ತಿನ್ಯಾಗ? ಯಾರೋ ಆಳು. ಅದು ಹೊಲದವರ ವ್ಯವಹಾರ. ನಾವು ಹತ್ತಿ ಕೊಳ್ತಿದ್ವಿ, ಅಷ್ಟ."

ಹದಿಮೂರು ವರ್ಷದ ಹುಡುಗನ ಮಾತು ಅಕ್ಷರಕ್ಕಕ್ಷರ. ಸಿಟ್ಟು ಬರಲಿಲ್ಲ. ಫೋನ್ ಕಿವಿಗೆ ಹಿಡಿದೇ ಅತ್ತೆಯ ಕಡೆ ತಿರುಗಿದೆ. ಅತ್ತೆ ಚಹಾದ ಕಪ್ಪು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಮುಂದೆ ಕೈ ಚಾಚಿದರು.

"ತಾ ಇಲ್ಲೆ. ಬೀಗರ ಜೋಡಿ ನಾ ಮಾತಾಡ್ತೀನಿ."

ಫೋನ್ ಕೊಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಶರಣ್ರೀ ಅಣ್ಣಾರ, ನಾ ದಾನವ್ವ" ಅಂದದ್ದು ಕೇಳಿತು. ಅಷ್ಟಕ್ಕೆ ನಾನು ಹಿತ್ತಲಿಗೆ ಬಂದು ಗಾಜಿನ ಬಾಗಿಲು ಸರಿಸಿದೆ. ಬಿಸಿಲು ಚೆನ್ನಾಗಿದೆ. ನಿಂಬೆಗಿಡಕ್ಕೆ ನೀರು ಬಿಟ್ಟು ಇಲ್ಲೇ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಮಾತು ನಡೆದೇ ಇದೆ, ಅರ್ಧ ಗಂಟೆಯ ಮೇಲಾಯಿತು. ಏನು ಮಾತಾಡುತ್ತಿದ್ದಾರೋ ಗೊತ್ತಿಲ್ಲ. ಮುಗಿದ ಮೇಲೆ ಅವರಿಗೆ ಇನ್ನೊಂದು ಕಪ್ಪು ಚಹಾ ಮಾಡಬೇಕು, ಮೊದಲಿನದು ಆರಿಹೋಗಿರುತ್ತದೆ.